ಕೇಳಬೇಕಲ್ಲ ಎಂಬ ಸಂಕೋಚ

ಕಡಬ ತಾಲೂಕಿನಲ್ಲಿ, ಕುಮಾರಧಾರೆಯನ್ನು ಹೋಗಿ ಸೇರುವ ತೋಡೊಂದರ ಆಚೆಕರೆಯಲ್ಲಿ, ಅಡಕೆಯ ತೋಟದ ಮೇಲ್ಗಡೆ ಒಂದು ಹಂಚಿನ ಮನೆಯಿದೆ. ಮಳೆಗಾಲದಲ್ಲಿ ಆ ಮನೆಗೆ ಹೋಗುವವರು, ಅಡಕೆಮರಗಳನ್ನು ಜೋಡಿಸಿ ಕಟ್ಟಿದ ಕಾಲುಸಂಕವನ್ನು, ಬದಿಗೆ ಬಿಗಿದ ಹಗ್ಗವನ್ನು ಹಿಡಿದುಕೊಂಡು, ದಾಟಿಯೇ ಹೋಗತಕ್ಕದ್ದು. ಅಲ್ಲಿರುವ ಎಪ್ಪತ್ತೆಂಟರ ವಯಸ್ಸಿನ ಹಿರಿಯರನ್ನು ನಾನು ದೊಡ್ಡಮ್ಮ ಎಂದು ಕರೆಯುತ್ತೇನೆ. ಅವರು, ನಾನು ಶಾಲೆಯ ಕೆಲಸದಿಂದ ನಿವೃತ್ತನಾಗಿ ವರ್ಷಗಳು ಸಂದಿದ್ದರೂ, ನನ್ನನ್ನು ಮಾಷ್ಟ್ರೇ ಎಂದೇ ಕರೆಯುತ್ತಾರೆ. ಆಟಿ ತಿಂಗಳಿನ ಒಂದು ಅಪರಾಹ್ನ, ಮಾಡಿನ ನೀರು ಅಂಗಳಕ್ಕೆ ಧಾರೆಧಾರೆಯಾಗಿ ಬೀಳುತ್ತಿದ್ದ ಹೊತ್ತಿನಲ್ಲಿ, ನಾನು ಅವರ ಜಗಲಿಯಲ್ಲಿ ಕುಳಿತಿದ್ದೆ. ಅವರು ಎಲೆಯಡಕೆಯ ಹರಿವಾಣದಿಂದ ಅಡಕತ್ತರಿಯನ್ನು ತೆಗೆದುಕೊಂಡಾಗ ತಾಂಬೂಲಕ್ಕೆಂದೇ ಎಣಿಸಿದೆನು. ಆದರೆ ಅಡಕತ್ತರಿಯ ಬಾಯಿಯಲ್ಲಿ ಅವರು ಇಟ್ಟದ್ದು ಅಡಕೆಯ ಹೋಳನ್ನಲ್ಲ, ಒಂದು ಸಣ್ಣ ಬಿಳಿಯ ಮಾತ್ರೆಯನ್ನು. ಕಣ್ಣಿಗೆ ಹತ್ತಿರ ಹಿಡಿದು, ಪುಡಿಯಾಗದಂತೆ ಮೆಲ್ಲನೆ ಅದುಮಿ, ಒಂದು ಅರೆಯನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದು ಅರೆಯನ್ನು ಕಾಗದದಲ್ಲಿ ಮಡಚಿ ಹರಿವಾಣದ ಮೂಲೆಗೆ ಸೇರಿಸಿದರು. ಅರ್ಧವೇ ಸಾಕೆಂದು ಡಾಕ್ಟರರು ಹೇಳಿದ್ದಾರೆಯೆ ಎಂದು ಕೇಳಿದೆ. ರಕ್ತದ ಒತ್ತಡದ ಮಾತ್ರೆ, ಒಂದು ತಿಂಗಳಿನದ್ದು ಎರಡು ತಿಂಗಳಿಗೆ ಬರಲಿ ಎಂದು ಹಾಗೆ ಮಾಡುತ್ತಿರುವುದಾಗಿ ಹೇಳಿದರು. ಮಗ ಬೆಂಗಳೂರಿನಲ್ಲಿದ್ದಾನೆ, ಕೆಟ್ಟವನಲ್ಲ, ಪ್ರತಿ ಆದಿತ್ಯವಾರ ಫೋನು ಮಾಡುತ್ತಾನೆ.

"ತಿಳಿಸಿದರೆ ಅವನು ಮರುದಿನವೇ ಕಳುಹಿಸಿಯಾನು ಮಾಷ್ಟ್ರೇ. ಆದರೆ ಕೇಳಬೇಕಲ್ಲ!"

ಆ ಮಾತಿನಲ್ಲಿ ಮಗನ ಮೇಲೆ ದೂರಿರಲಿಲ್ಲ, ವೈದ್ಯರ ಮೇಲೆ ದೂರಿರಲಿಲ್ಲ, ಸರಕಾರದ ವಿಚಾರವಂತೂ ಅವರ ಮನಸ್ಸಿಗೆ ಬಂದೇ ಇರಲಿಲ್ಲ. ಹೆತ್ತು ಹೊತ್ತು ಹದಿನೆಂಟು ವರ್ಷ ಸಾಕಿದವರಿಗೆ ಒಂದು ಪಟ್ಟಿ ಮಾತ್ರೆಯನ್ನು ಕೇಳುವುದು ಏಕೆ ಇಷ್ಟು ಕಷ್ಟವಾಗಬೇಕು, ರಕ್ತದ ಒತ್ತಡಕ್ಕಿಂತಲೂ ಕೇಳುವ ಸಂಕೋಚವೇ ಹೆಚ್ಚು ಭಾರವಾಗುವುದು ಯಾವ ಕಾರಣದಿಂದ, ಎಂಬ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ಆ ಸಂಜೆ ಸಂಕವನ್ನು ದಾಟಿ ಬಂದೆನು. ಅದು ವೈದ್ಯಶಾಸ್ತ್ರದ ಪ್ರಶ್ನೆಯಲ್ಲ, ಅರ್ಥಶಾಸ್ತ್ರದ ಪ್ರಶ್ನೆಯೂ ಅಲ್ಲ, ಧರ್ಮದ ಪ್ರಶ್ನೆ.

ನಮ್ಮ ಸಂಪ್ರದಾಯವು ಮಕ್ಕಳಿಗೂ ಹಿರಿಯರಿಗೂ ಇರುವ ಸಂಬಂಧವನ್ನು ಋಣವೆಂಬ ಶಬ್ದದಿಂದ ಹೇಳಿತು. ಮನುಷ್ಯನು ಹುಟ್ಟುವಾಗಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಾಲಗಾರನಾಗಿ ಹುಟ್ಟುತ್ತಾನೆಂಬ ಕಲ್ಪನೆ ತೈತ್ತಿರೀಯ ಸಂಹಿತೆಯಷ್ಟು ಪುರಾತನವಾದುದು. ಮನುಷ್ಯನ ಅಹಂಕಾರವನ್ನು ಅಡಗಿಸುವುದಕ್ಕೆ ಅದಕ್ಕಿಂತ ಉದಾತ್ತವಾದ ಕಲ್ಪನೆ ಬೇರೊಂದಿರಲಾರದು. ಆದರೆ ಅಲ್ಲಿಯೇ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪಿತೃಋಣವು ತೀರುವುದು ಸಂತಾನದಿಂದ ಎಂದು ಸಂಹಿತೆಯ ಆ ವಾಕ್ಯದ ತಾತ್ಪರ್ಯವೇ ಹೊರತು, ಮುಪ್ಪಿನಲ್ಲಿ ನರಳುವ ತಂದೆತಾಯಿಗಳ ಶುಶ್ರೂಷೆಯಿಂದ ಎಂದಲ್ಲ. ಶುಶ್ರೂಷೆಯನ್ನು ಬೇರೆ ಗ್ರಂಥಗಳು ಬೇಕಾದಷ್ಟು ಕೊಂಡಾಡಿವೆ, ನಿಜ. ಆದರೂ ಋಣದ ಲೆಕ್ಕದ ಪುಸ್ತಕವು ಯಾವಾಗಲೂ ಸಾಲಗಾರನ ಕೈಯಲ್ಲಿಯೇ ಉಳಿಯಿತು. ಎಷ್ಟು ತೀರಿಸಬೇಕು, ಯಾವಾಗ ತೀರಿಸಬೇಕು, ತೀರಿತೋ ಇಲ್ಲವೋ ಎಂಬುದೆಲ್ಲ ಅವನ ಅಂತಃಕರಣದ ವಿಷಯ. ಸಾಲ ಕೊಟ್ಟವರ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

ನಮ್ಮ ಈ ತುಳುನಾಡಿನ ಮನೆಗಳಲ್ಲಿ, ಗತಿಸಿದ ಹಿರಿಯರಿಗೆ, ಕುಲೆಗಳಿಗೆ, ಬಾಳೆಲೆಯಲ್ಲಿ ಬಡಿಸಿಟ್ಟು, ಬಾಗಿಲನ್ನು ಎಳೆದುಕೊಂಡು, ಹೊರಗೆ ಮೌನವಾಗಿ ಕಾಯುವ ಕ್ರಮವೊಂದಿದೆ. ಸತ್ತ ಅಜ್ಜನಿಗೆ ಯಾವ ಪದಾರ್ಥ ಇಷ್ಟವಾಗಿತ್ತು, ಅಜ್ಜಿ ಎಲೆಗೆ ಎಷ್ಟು ಸುಣ್ಣ ಹಚ್ಚುತ್ತಿದ್ದರು ಎಂಬುದನ್ನೆಲ್ಲ ನೆನಪಿಟ್ಟು ಬಡಿಸುವವರನ್ನು ನಾನು ಕಂಡಿದ್ದೇನೆ, ಆ ನೆನಪಿನ ಮುಂದೆ ತಲೆಬಾಗಿದ್ದೇನೆ. ಗತಿಸಿದವರು ಏನನ್ನೂ ಕೇಳಬೇಕಾಗಿಲ್ಲ. ಕೇಳುವ ಮೊದಲೇ ಎಲೆಯಲ್ಲಿರುತ್ತದೆ. ಬದುಕಿರುವವರಿಗೂ ಕೇಳುವ ಮೊದಲೇ ಎಲೆಗೆ ಬೀಳುವಂತಹ ಒಂದು ವ್ಯವಸ್ಥೆಯಾಗಬೇಕೆಂಬುದು ನನ್ನ ಒಟ್ಟು ವಾದ.

ಇದಕ್ಕೆ ಆಧಾರವು ನಮ್ಮ ಶಾಸ್ತ್ರದ ಒಳಗೇ ಇದೆ ಎಂದು ನನಗೆ ತೋರುತ್ತದೆ. ಮೀಮಾಂಸಕರು ಕರ್ಮಗಳನ್ನು ವಿಂಗಡಿಸುವಾಗ ನಿತ್ಯವೆಂದೂ ಕಾಮ್ಯವೆಂದೂ ಭೇದ ಮಾಡಿದರು. ಕಾಮ್ಯವನ್ನು ಫಲವನ್ನು ಬಯಸಿದವನು ಮಾಡುತ್ತಾನೆ, ಬಯಸದವನು ಬಿಡುತ್ತಾನೆ. ನಿತ್ಯಕರ್ಮವು ಹಾಗಲ್ಲ, ಅದನ್ನು ಮಾಡಿದ್ದಕ್ಕಾಗಿ ವಿಶೇಷ ಪುಣ್ಯವಿಲ್ಲ, ಮಾಡದಿದ್ದರೆ ಪ್ರತ್ಯವಾಯ, ಎಂದರೆ ದೋಷ, ಉಂಟು ಎಂಬುದು ಬಹುಮಂದಿ ಆಚಾರ್ಯರು ಒಪ್ಪಿದ ವಿಚಾರ. ಸಂಧ್ಯಾವಂದನೆ ಮಾಡಿದವನನ್ನು ಯಾರೂ ಅಭಿನಂದಿಸುವುದಿಲ್ಲವಷ್ಟೆ. ಈಗ ಕೇಳಿಕೊಳ್ಳೋಣ: ವೃದ್ಧರ ಔಷಧೋಪಚಾರವು ಯಾವ ವರ್ಗಕ್ಕೆ ಸೇರಿದ್ದು? ತಾಯಿಗೆ ಮಾತ್ರೆ ತಂದುಕೊಟ್ಟ ಮಗನನ್ನು ಊರೆಲ್ಲ ಶ್ರವಣಕುಮಾರನೆಂದು ಹೊಗಳುವಾಗ, ನಾವು ನಮಗರಿವಿಲ್ಲದೆ ಆ ಕೆಲಸವನ್ನು ನಿತ್ಯದಿಂದ ಕಾಮ್ಯಕ್ಕೆ ಇಳಿಸಿಬಿಟ್ಟಿರುತ್ತೇವೆ. ಕಾಮ್ಯವಾದೊಡನೆ ಅದು ಮಗನ ಔದಾರ್ಯವಾಯಿತು. ಔದಾರ್ಯವಾದೊಡನೆ ತಾಯಿ ಕೃತಜ್ಞಳಾಗಿರಬೇಕಾಯಿತು. ದೊಡ್ಡಮ್ಮನ ಸಂಕೋಚವು ಹುಟ್ಟಿದ್ದು ಅಲ್ಲಿ. ನಿತ್ಯವೆಂದು ತಿಳಿದುಕೊಂಡ ಪಕ್ಷದಲ್ಲಿ ಕೊಡುವವನಿಗೆ ಹಿರಿಮೆಯಿಲ್ಲ, ಪಡೆಯುವವರಿಗೆ ಕುಗ್ಗುವ ಕಾರಣವಿಲ್ಲ.

ಹಾಗಾದರೆ ಈ ನಿತ್ಯಕರ್ಮದ ಕರ್ತೃ ಯಾರು, ಮಗನೊಬ್ಬನೆಯೆ? ಅಡಕೆಯ ಧಾರಣೆ ಕುಸಿದರೆ ಮನೆಯ ಲೆಕ್ಕವೇ ತಲೆಕೆಳಗಾಗುವ ನಮ್ಮ ಕಡೆಯಲ್ಲಿ, ಓದಿದ ಮಕ್ಕಳು ಬೆಂಗಳೂರಿಗೋ ಕೊಲ್ಲಿಯ ದೇಶಗಳಿಗೋ ಹೋಗುವುದು ಮಕ್ಕಳ ಅಪರಾಧವಲ್ಲ. ಎಷ್ಟೋ ಕಡೆ ತಂದೆತಾಯಿಗಳೇ ತೋಟವನ್ನು ಅಡವಿಟ್ಟು ಕಳುಹಿಸಿರುತ್ತಾರೆ. ಅವರು ದುಡಿದದ್ದರಲ್ಲಿ ಪಾಲನ್ನು ಪಡೆದದ್ದು ಮಗನೊಬ್ಬನೇ ಅಲ್ಲ. ಐವತ್ತು ವರ್ಷ ಅಡಕೆ ಸುಲಿದ, ರಬ್ಬರ್ ಹಾಲು ತೆಗೆದ, ಬೀಡಿ ಕಟ್ಟಿದ ಆ ಕೈಗಳಿಂದ ಊರು ನಡೆಯಿತು, ತೆರಿಗೆ ಸಂದಿತು, ಶಾಲೆಯೆದ್ದಿತು. ಆದುದರಿಂದ ಋಣವು ಸಮಾಜದ್ದೂ ಹೌದು, ರಾಜ್ಯದ್ದೂ ಹೌದು.

ನಮ್ಮ ಸಂವಿಧಾನವನ್ನು ರಚಿಸಿದವರು ಇದನ್ನು ಅರಿತಿದ್ದರು. ವೃದ್ಧಾಪ್ಯದಲ್ಲಿ, ಕಾಯಿಲೆಯಲ್ಲಿ ಸಾರ್ವಜನಿಕ ನೆರವು ಪಡೆಯುವ ಹಕ್ಕನ್ನು ರಾಜ್ಯವು ಏರ್ಪಡಿಸತಕ್ಕದ್ದೆಂದು 41ನೆಯ ಅನುಚ್ಛೇದವು ಹೇಳುತ್ತದೆ. ಆದರೆ ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಮಾತೂ ಅಲ್ಲಿಯೇ ಇದೆ. ಮತ್ತು ಆ ಭಾಗದ ನಿರ್ದೇಶಕ ತತ್ತ್ವಗಳನ್ನು ನ್ಯಾಯಾಲಯದ ಮೂಲಕ ಜಾರಿಗೊಳಿಸಲಾಗದೆಂದು 37ನೆಯ ಅನುಚ್ಛೇದವು ವಿಧಿಸಿದೆ. ಎಂದರೆ, ಇದು ಮತ್ತೆ ಋಣವೇ: ರಾಜ್ಯವು ತನ್ನ ಸಾಲವನ್ನು ಒಪ್ಪಿಕೊಂಡಿತು, ಆದರೆ ಲೆಕ್ಕದ ಪುಸ್ತಕವನ್ನು ತನ್ನ ಕೈಯಲ್ಲಿಯೇ ಇಟ್ಟುಕೊಂಡಿತು. 2018ರ ಡಿಸೆಂಬರಿನಲ್ಲಿ ಅಶ್ವನಿ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವೃದ್ಧರ ಘನತೆ, ಆಶ್ರಯ, ಆರೋಗ್ಯಗಳನ್ನು 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನೊಂದಿಗೆ ಜೋಡಿಸಿ ನೋಡಿದಾಗ, ಆ ಪುಸ್ತಕದ ಒಂದು ಪುಟವಾದರೂ ಸಾಲ ಕೊಟ್ಟವರ ಕೈಗೆ ಬಂದಂತಾಯಿತು. ಋಣವೂ ಹಕ್ಕೂ ಎರಡು ವಸ್ತುಗಳಲ್ಲ. ಒಂದೇ ಹಗ್ಗವನ್ನು ಎರಡು ತುದಿಗಳಿಂದ ಹಿಡಿದಾಗ ಬರುವ ಎರಡು ಹೆಸರುಗಳು.

ಈ ಹಕ್ಕಿನ ತುದಿಯನ್ನು ವೃದ್ಧರ ಕೈಗೆ ಕೊಡಲು ಹೊರಟ ಶಾಸನವೆಂದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಅಧಿನಿಯಮ. ಅರುವತ್ತು ತುಂಬಿದವರು ಮಕ್ಕಳಿಂದ, ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ಉತ್ತರಾಧಿಕಾರಿಯಾಗುವ ಸಂಬಂಧಿಕರಿಂದ, ಜೀವನಾಂಶವನ್ನು ಪಡೆಯಬಹುದು. ಆ ಜೀವನಾಂಶದ ಅರ್ಥದಲ್ಲಿ ಅನ್ನ, ಬಟ್ಟೆ, ವಸತಿಗಳ ಜೊತೆಗೆ ವೈದ್ಯಕೀಯ ಚಿಕಿತ್ಸೆಯೂ ಸೇರಿದೆ. ಪುತ್ತೂರು, ಸುಳ್ಯ, ಕಡಬಗಳವರಿಗೆ ಇದರ ನ್ಯಾಯಮಂಡಳಿಯ ಅಧ್ಯಕ್ಷರು ಪುತ್ತೂರಿನ ಸಹಾಯಕ ಆಯುಕ್ತರು. ವಕೀಲರನ್ನು ಹಿಡಿಯಬೇಕಾಗಿಲ್ಲ, ನೋಟೀಸು ತಲುಪಿದ 90 ದಿನಗಳಲ್ಲಿ ತೀರ್ಮಾನವಾಗಬೇಕು, ತಿಂಗಳಿಗೆ 10,000 ರೂಪಾಯಿಯವರೆಗೆ ವಿಧಿಸಬಹುದು. ನೋಡಿಕೊಳ್ಳುವೆವೆಂಬ ಷರತ್ತಿನ ಮೇಲೆ ಜಾಗವನ್ನು ಬರೆಸಿಕೊಂಡು ಅನಂತರ ಕೈಬಿಟ್ಟವರ ದಾನಪತ್ರವನ್ನು 23ನೆಯ ಸೆಕ್ಷನ್ನಿನ ಮೇರೆಗೆ ರದ್ದುಪಡಿಸಬಹುದು. ಆ ಷರತ್ತು ಇದ್ದಿತೆಂದು ಸಿದ್ಧವಾಗದಿದ್ದರೆ ಸೆಕ್ಷನ್ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿದೆ; 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಈ ಶಾಸನವನ್ನು ವೃದ್ಧರಿಗೆ ಹಿತವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದಿದೆ. ಆದುದರಿಂದ ಜಾಗ ಬರೆದುಕೊಡುವ ಹಿರಿಯರು ನಂಬಿಕೆಯೊಂದನ್ನೇ ನೆಚ್ಚದೆ, ಆ ಷರತ್ತನ್ನು ಪತ್ರದಲ್ಲಿ ಅಕ್ಷರಶಃ ಬರೆಯಿಸತಕ್ಕದ್ದೆಂದು, ಉಪನೋಂದಣಿ ಕಚೇರಿಗೆ ಹೊರಟ ಪ್ರತಿಯೊಬ್ಬರಿಗೂ ನಾನು ಹೇಳುತ್ತಿರುತ್ತೇನೆ.

ಧರ್ಮವನ್ನು ಕಾನೂನಿನ ಬಲದಿಂದ ಮಾಡಿಸಿದರೆ ಅದು ಧರ್ಮವಾಗಿ ಉಳಿಯುವುದೆ, ಮಗನನ್ನು ಕಚೇರಿಯ ಮೆಟ್ಟಿಲಿಗೆ ತಂದು ಪಡೆದ ಹಣದಲ್ಲಿ ಮಮತೆಯಿರುವುದೆ, ಎಂದು ತಿಳಿದವರೇ ಕೇಳುತ್ತಾರೆ. ಹಗುರವಾದ ಆಕ್ಷೇಪವಲ್ಲ ಇದು. ಈ ಪ್ರಶ್ನೆಯನ್ನು ಯೋಚಿಸುವಾಗಲೆಲ್ಲ ನನಗೆ ಯಯಾತಿಯ ಕಥೆಯು ನೆನಪಾಗುತ್ತದೆ. ಶುಕ್ರಾಚಾರ್ಯರ ಶಾಪದಿಂದ ಮುಪ್ಪಿಗೆ ತುತ್ತಾದ ಆ ರಾಜನು ಐವರು ಮಕ್ಕಳನ್ನೂ ಕರೆದು, ನನ್ನ ಮುಪ್ಪನ್ನು ತೆಗೆದುಕೊಂಡು ನಿಮ್ಮ ಯೌವನವನ್ನು ಕೊಡಿರೆಂದು ಕೇಳಿದನು; ನಾಲ್ವರು ಒಪ್ಪಲಿಲ್ಲ, ಪೂರು ಒಪ್ಪಿದನು. ಪೂರುವಿನ ತ್ಯಾಗವನ್ನು ನಾವು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ಆದರೆ ಯಯಾತಿಗೆ ಕೇಳುವಾಗ ಸಂಕೋಚವಾಗದಿರಲು ಕಾರಣವೇನು? ಅವನ ಕೈಯಲ್ಲಿ ರಾಜ್ಯವಿತ್ತು, ನಾಲಗೆಯಲ್ಲಿ ಶಾಪವಿತ್ತು. ಒಪ್ಪದವರನ್ನು ಶಪಿಸಿದನು, ಒಪ್ಪಿದವನಿಗೆ ಸಿಂಹಾಸನವನ್ನು ಕೊಟ್ಟನು. ರಾಜ್ಯವೂ ಇಲ್ಲದ, ಮಕ್ಕಳಿಗೆ ಶಾಪ ಕೊಡಲು ನಾಲಗೆಯೇಳದ ಸಾಮಾನ್ಯ ತಂದೆತಾಯಿಗಳಿಗೆ ಯಾವ ಬಲವಿದೆ? ಶಾಸನವು ಅವರಿಗೆ ಕೊಡಲೆಳಸುವುದು ಯಾರನ್ನೂ ಸುಡದ ಒಂದು ಬಲವನ್ನು. ಮಮತೆಯನ್ನು ಹುಟ್ಟಿಸುವ ಶಕ್ತಿ ಅದಕ್ಕಿಲ್ಲ, ಇರಬೇಕಾಗಿಯೂ ಇಲ್ಲ. ಮಾತ್ರೆಯ ಚಿಂತೆ ತಾಯಿಯ ಮನಸ್ಸಿನಿಂದ ಇಳಿದರೆ, ಆದಿತ್ಯವಾರದ ಫೋನಿನಲ್ಲಿ ಅವರು ಮಗನೊಡನೆ ತೋಡಿನ ನೀರಿನ ವಿಷಯವನ್ನೋ ಮೊಮ್ಮಗಳ ಹಾಡಿನ ವಿಷಯವನ್ನೋ ನಿರಾಳವಾಗಿ ಮಾತನಾಡಿಯಾರು. ಮಮತೆಗೆ ಬೇಕಾದುದು ಆ ನಿರಾಳತೆಯೇ.

ಆದರೆ ದೊಡ್ಡಮ್ಮನಂಥವರಿಗೆ ಮಗನ ಮೇಲೆ ಅರ್ಜಿ ಕೊಡುವ ಭಾಗದಿಂದ ಪ್ರಯೋಜನವಿಲ್ಲ. ಅವರಿಗೆ ಬೇಕಾದುದು ಆ ಅಧಿನಿಯಮದ 20ನೆಯ ಸೆಕ್ಷನ್. ಸರಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು, ದೀರ್ಘಕಾಲದ ಕಾಯಿಲೆಗಳಿಗೆ ಚಿಕಿತ್ಸೆಯ ವಿಸ್ತರಣೆ, ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ವೃದ್ಧರ ಚಿಕಿತ್ಸೆಯಲ್ಲಿ ಅನುಭವವುಳ್ಳ ವೈದ್ಯಾಧಿಕಾರಿಯ ಕೈಕೆಳಗೆ ಮೀಸಲು ಸೌಲಭ್ಯ, ಇವೆಲ್ಲ ಅಲ್ಲಿವೆ. ಹಾಸಿಗೆಗಳನ್ನು ಒದಗಿಸುವ ವಿಚಾರ ಬಂದಾಗ ಮಾತ್ರ, ಸಾಧ್ಯವಾದ ಮಟ್ಟಿಗೆ ಎಂಬ ಒಂದು ಪದಗುಚ್ಛವು ಸೇರಿಕೊಂಡಿದೆ. ಈ ಪದಗುಚ್ಛದ ಮೇಲೆ ನಾನು ಎಷ್ಟೋ ಹೊತ್ತು ಬೆರಳಿಟ್ಟು ಕುಳಿತಿದ್ದೇನೆ. ಸಾಧ್ಯವೆಷ್ಟು ಎಂಬುದನ್ನು ಅಳೆಯುವವರು ಯಾರು? ಬೆಳಗಿನ ಮೊದಲ ಬಸ್ಸಿಗೆ ಬಂದು, ಚೀಟಿಯ ಸಾಲಿನಲ್ಲಿ ನಿಲ್ಲಲಾರದೆ, ಕೊಡೆಯನ್ನು ಊರುಗೋಲಾಗಿ ಮಾಡಿಕೊಂಡು ಗೋಡೆಗೊರಗಿದ ಮುದುಕರೊಬ್ಬರನ್ನು ಒಂದು ಆಸ್ಪತ್ರೆಯಲ್ಲಿ ಕಂಡಾಗ, ಅವರ ಸಾಧ್ಯದ ಮಿತಿಯು ಮುಗಿದುಹೋಗಿತ್ತು, ಅಳೆಯಬೇಕಾದುದು ಅಲ್ಲಿಂದ. ಖಾಸಗಿ ಆಸ್ಪತ್ರೆಗಳನ್ನೂ ಈ ಕರ್ತವ್ಯಕ್ಕೆ ಒಳಪಡಿಸುವ, 10,000 ರೂಪಾಯಿಯ ಮಿತಿಯನ್ನು ತೆಗೆಯುವ ತಿದ್ದುಪಡಿ ಮಸೂದೆಯೊಂದು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿತವಾಯಿತು. ಅಂಗೀಕಾರವಾಗದೆ, ಆ ಲೋಕಸಭೆಯ ಅವಧಿಯೊಂದಿಗೆ ಅದೂ ಮುಗಿಯಿತು.

ಕೊಕ್ಕಡ, ಕೊಯಿಲಗಳ ಕಡೆಯ ಕೆಲವು ತಾಯಂದಿರ ವಿಷಯವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಗೇರು ಅಭಿವೃದ್ಧಿ ನಿಗಮದ ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದ ಆ ವರ್ಷಗಳಲ್ಲಿ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳು ಈಗ ಪ್ರಾಯಕ್ಕೆ ಬಂದಿದ್ದಾರೆ. ಎದ್ದು ಕೂರಲಾರದ ಆ ಮಕ್ಕಳನ್ನು ಎತ್ತಿ, ತೊಳೆದು, ಉಣಿಸುವ ತಾಯಂದಿರು ಮುದುಕಿಯರಾಗಿದ್ದಾರೆ. ಸರ್ವೋಚ್ಚ ನ್ಯಾಯಾಲಯವು 2011ರ ಮೇ 13ರಂದು ಆ ವಿಷವನ್ನು ನಿಷೇಧಿಸಿತು. ಹಗಲುಹೊತ್ತು ನೋಡಿಕೊಳ್ಳುವ ಪಾಲನಾ ಕೇಂದ್ರಗಳು ಕೊಕ್ಕಡದಲ್ಲಿಯೂ ಕೊಯಿಲದಲ್ಲಿಯೂ ಆದವು. ಅವು ಬಂದದ್ದು ಯಾರದೋ ಕರುಣೆಯಿಂದಲ್ಲ, ವರ್ಷಾನುಗಟ್ಟಲೆ ಧರಣಿ ಕೂತವರ, ನ್ಯಾಯಾಲಯದ ಬಾಗಿಲು ತಟ್ಟಿದವರ ಹಟದಿಂದ. ನನ್ನ ನಂತರ ಇವನಿಗೆ ಯಾರು ಎಂಬ ಪ್ರಶ್ನೆಯೇ ಆ ತಾಯಂದಿರ ಕಾಯಿಲೆ. ಅವರು ತಮಗೆ ಜ್ವರ ಬಂದರೆ ಮಲಗುವಂತಿಲ್ಲ. ಇಲ್ಲಿ ಋಣವು ಯಾರದೆಂದು ಶಾಸ್ತ್ರವನ್ನು ತೆರೆದು ನೋಡಬೇಕಾಗಿಯೇ ಇಲ್ಲ. ಹಾಗೆಯೇ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಫಲವಾಗಿ ಸಿಂಹಳದಿಂದ ಬಂದು ಸುಳ್ಯ, ಪುತ್ತೂರುಗಳ ರಬ್ಬರು ತೋಟಗಳಲ್ಲಿ ನೆಲೆನಿಂತ ತಮಿಳು ಕುಟುಂಬಗಳಲ್ಲಿ, ಹಾಲು ತೆಗೆಯುತ್ತ ಮುದುಕರಾದವರಿಗೆ ಮಾರಲು ಜಾಗವಿಲ್ಲ, ದಾನಪತ್ರ ಬರೆಯಲು ಆಸ್ತಿಯಿಲ್ಲ. 23ನೆಯ ಸೆಕ್ಷನ್ ಅವರ ಮಟ್ಟಿಗೆ ಇದ್ದೂ ಇಲ್ಲದಂತೆ. ಅವರಿಗಿರುವುದು ಆಸ್ಪತ್ರೆಯೊಂದೇ.

ಆ ಆಸ್ಪತ್ರೆಗೆ ತಲುಪುವುದಾದರೂ ಹೇಗೆ? ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತಮ್ಮ ಮೊದಲ ತೂಗುಸೇತುವೆಯನ್ನು ಕಟ್ಟಿದರು. ಅಲ್ಲಿಂದ ಮೊದಲ್ಗೊಂಡು ಅವರು ಕಟ್ಟಿದ ಸೇತುವೆಗಳ ಮೇಲೆ, ಹಿಂದೆ ಹೊಳೆಯಿಳಿಯುವವರೆಗೆ ಕಾಯಬೇಕಾಗಿದ್ದ ಎಷ್ಟು ರೋಗಿಗಳು ದಾಟಿಹೋದರೋ ಎಣಿಸಿದವರಿಲ್ಲ. ಸುಳ್ಯದಂತಹ ಮಲೆನಾಡಿನ ಅಂಚಿನ ಊರಿನಲ್ಲಿ ಕುರುಂಜಿ ವೆಂಕಟರಮಣ ಗೌಡರು ವೈದ್ಯಕೀಯ ಕಾಲೇಜನ್ನೇ ಎಬ್ಬಿಸಿದರು. ಇವರನ್ನು ನೆನೆಯುವುದು ನನಗೆ ಪುಣ್ಯದ ಕೆಲಸವೆನ್ನಿಸುತ್ತದೆ. ಆದರೂ ಒಬ್ಬೊಬ್ಬರ ಸಾಹಸದ ಮೇಲೆ ಒಂದು ಜಿಲ್ಲೆಯ ಮುಪ್ಪು ನಿಲ್ಲಲಾರದು.

ಎಪ್ಪತ್ತು ತುಂಬಿದವರೆಲ್ಲರಿಗೂ, ವರಮಾನವನ್ನು ನೋಡದೆ, ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯನ್ನು ಆಯುಷ್ಮಾನ್ ಭಾರತ ಯೋಜನೆಯಡಿಯಲ್ಲಿ ಕೊಡುವುದೆಂದು ಕೇಂದ್ರ ಸರಕಾರವು 2024ರ ಸೆಪ್ಟೆಂಬರಿನಲ್ಲಿ ನಿರ್ಧರಿಸಿತು. ದೊಡ್ಡ ಮಾತು. ಆದರೆ ಆ ಯೋಜನೆಯು ಆಸ್ಪತ್ರೆಯಲ್ಲಿ ಮಲಗಿದವರಿಗೆ. ದೊಡ್ಡಮ್ಮನ ಹರಿವಾಣದ ಮೂಲೆಯಲ್ಲಿರುವ ಅರೆಮಾತ್ರೆಗೆ ಅಲ್ಲ. ಅರೆಮಾತ್ರೆಯಿಂದ ಒತ್ತಡವೇರಿ, ಪಾರ್ಶ್ವವಾಯು ಬಡಿದು ಬಿದ್ದ ಮೇಲೆ ಲಕ್ಷಗಟ್ಟಲೆ ವೆಚ್ಚವನ್ನು ಭರಿಸಲು ಸಿದ್ಧವಿರುವ ವ್ಯವಸ್ಥೆಯು, ಬೀಳದಂತೆ ತಡೆಯುವ ಮಾತ್ರೆಯನ್ನು ಸಂಕದ ಆಚೆಗೆ ತಲುಪಿಸುವುದನ್ನು ಮೊದಲ ಕರ್ತವ್ಯವೆಂದು ತಿಳಿಯಬೇಕಲ್ಲವೆ? ರಾಜ್ಯ ಸರಕಾರವು 2024ರಲ್ಲಿ ಕೋಲಾರದಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯು, ಮನೆಬಾಗಿಲಿಗೆ ಹೋಗಿ ಸಕ್ಕರೆಕಾಯಿಲೆ, ರಕ್ತದೊತ್ತಡಗಳನ್ನು ಪರೀಕ್ಷಿಸಿ ಔಷಧ ಕೊಡುವ ಉದ್ದೇಶದ್ದು. ನನ್ನ ಹೃದಯಕ್ಕೆ ಹತ್ತಿರವಾದ ಉದ್ದೇಶವದು. ಆದರೆ ಯೋಜನೆಯೆಂಬುದು ಒಂದು ಆದೇಶದಿಂದ ಬರುತ್ತದೆ, ಇನ್ನೊಂದು ಆದೇಶದಿಂದ ಹೋಗಬಹುದು. ಶಾಸನವಾದರೆ ತಪ್ಪಿದಾಗ ಕೇಳಲು ಒಂದು ಸ್ಥಳವಿರುತ್ತದೆ. ಔಷಧವು ಶಾಸನದ ಅಕ್ಷರಗಳಲ್ಲಿ ಸೇರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಅಂತಹ ಶಾಸನವನ್ನು ನಾವು ಕೇಳುವುದಾದರೂ ಎಲ್ಲಿ? ಶಾಸನವೊಂದನ್ನು ನೇರವಾಗಿ ಜನರ ಮತಕ್ಕೇ ಇಡುವ ಕ್ರಮವು ಸ್ವಿಟ್ಜರ್ಲೆಂಡಿನಲ್ಲಿಯೂ ಅಮೆರಿಕದ ಕೆಲವು ಸಂಸ್ಥಾನಗಳಲ್ಲಿಯೂ ಇದೆ, ನಮ್ಮಲ್ಲಿಲ್ಲ. ನಮಗಿರುವುದು ಪ್ರತಿನಿಧಿಯನ್ನು ಆರಿಸುವ ಮತ, ಮತ್ತು ಆರು ತಿಂಗಳಿಗೊಮ್ಮೆಯಾದರೂ ಕೂಡಬೇಕಾದ ಗ್ರಾಮಸಭೆ. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತು ದಾಟಿದವರಿಗೆ ಮನೆಯಲ್ಲಿಯೇ ಮತ ಹಾಕುವ ಅವಕಾಶವು ರಾಜ್ಯದಾದ್ಯಂತ ದೊರೆಯಿತು. ಮುಂದಿನ ವರ್ಷದ ಲೋಕಸಭಾ ಚುನಾವಣೆಯಲ್ಲಿ ಆ ವಯಸ್ಸನ್ನು ಎಂಬತ್ತೈದಕ್ಕೆ ಏರಿಸಲಾಯಿತು. ಒಂದು ಮತಕ್ಕಾಗಿ ರಾಜ್ಯವು ಹಿರಿಯರ ಮನೆಯವರೆಗೆ ನಡೆದುಬರಬಲ್ಲುದೆಂದು ಅದರಿಂದ ಸಿದ್ಧವಾಯಿತು. ದಾರಿ ತಿಳಿದಿದೆ ಎಂದಾದ ಮೇಲೆ ಅದೇ ದಾರಿಯಲ್ಲಿ ಮಾತ್ರೆಯೂ ಬರಬಹುದು. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು, ಕೈಗಾದ ಅಣುಸ್ಥಾವರವನ್ನು ವಿರೋಧಿಸಿ, 1989ರಲ್ಲಿ ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಗೆಲ್ಲಲಿಲ್ಲ. ಆದರೆ ವೃದ್ಧರು ಮತವನ್ನು ಹಾಕುವವರು ಮಾತ್ರವಲ್ಲ, ಪ್ರಶ್ನೆಯನ್ನು ಊರ ಮುಂದಿಡಬಲ್ಲವರು ಎಂಬುದನ್ನು ಆ ಹಿರಿಯರು ನಡೆದು ತೋರಿಸಿದರು.

ಮಳೆ ಸ್ವಲ್ಪ ಹೊಳವಾದ ಇನ್ನೊಂದು ದಿನ, ಗ್ರಾಮಸಭೆಗೆ ಕೊಡಲೆಂದು ಒಂದು ಅರ್ಜಿಯನ್ನು ಬರೆದುಕೊಂಡು ನಾನು ಪುನಃ ಸಂಕವನ್ನು ದಾಟಿದೆ. ತಿಂಗಳಿಗೊಮ್ಮೆ ಆಚೆಕರೆಯ ಹಿರಿಯರ ರಕ್ತದೊತ್ತಡವನ್ನು ನೋಡಿ ಮಾತ್ರೆಯನ್ನು ಮನೆಗೇ ತಲುಪಿಸುವ ಏರ್ಪಾಡಾಗಬೇಕು, ತೋಡಿಗೆ ಗಟ್ಟಿಯಾದ ಕಿರುಸೇತುವೆಯಾಗಬೇಕು ಎಂಬಿಷ್ಟೇ ಅದರಲ್ಲಿದ್ದುದು. ದೊಡ್ಡಮ್ಮ ಸಹಿ ಹಾಕುವುದಿಲ್ಲವೆಂದೇ ನಾನು ಅಂಜಿದ್ದೆ. ಅವರು ಕನ್ನಡಕವನ್ನು ಸೀರೆಯ ಸೆರಗಿನಿಂದ ಒರಸಿಕೊಂಡು, ಇಡೀ ಅರ್ಜಿಯನ್ನು ತುಟಿಯಲ್ಲಾಡಿಸುತ್ತ ಓದಿ, ಕೆಳಗೆ ತಮ್ಮ ಹೆಸರೊಂದನ್ನೇ ಕಂಡು ತಲೆಯಲ್ಲಾಡಿಸಿದರು.

"ನನ್ನೊಬ್ಬಳದು ಬೇಡ ಮಾಷ್ಟ್ರೇ. ಮೇಲಿನ ಮನೆಯ ಅಣ್ಣನಿಗೆ ಶುಗರು, ಕಾಲಿನ ಗಾಯ ವಾಸಿಯಾಗುವುದೇ ಇಲ್ಲ; ಅವರ ಹೆಸರು ಬರೆಯಿರಿ. ಗುಡ್ಡೆಮನೆಯ ಅಕ್ಕನಿಗೆ ಉಬ್ಬಸ. ಬ್ಯಾರಿಗಳ ಮನೆಯ ಉಮ್ಮನಿಗೆ ಕಣ್ಣು ಕಾಣುವುದಿಲ್ಲ, ಪಾಪ, ಮಾತ್ರೆ ಯಾವುದೆಂದು ಗೊತ್ತಾಗುವುದಿಲ್ಲ ಅವರಿಗೆ. ಅವರೆಲ್ಲರದ್ದೂ ಕೇಳಲೇಬೇಕು."

ತನಗಾಗಿ ಕೇಳಲಾರದ ಆ ನಾಲಗೆಯಲ್ಲಿ ಈಗ ಸಂಕೋಚದ ಸುಳಿವೂ ಇರಲಿಲ್ಲ. ನಾನು ಅರ್ಜಿಯನ್ನು ಮಗುಚಿ ಜಗಲಿಯ ಮೇಲಿಟ್ಟು, ಅವರು ಹೇಳಿದ ಕ್ರಮದಲ್ಲಿ, ಹಿಂಭಾಗದಲ್ಲಿ ಹೆಸರುಗಳನ್ನು ಬರೆಯುತ್ತ ಹೋದೆ. ಒಂಬತ್ತಾಯಿತು. ತಮ್ಮದನ್ನು ಕೊನೆಗೆ ಹಾಕಬೇಕೆಂದರು.